ಗರಗಸದ ಹಿಂದೆ ಕುಂಚ

ರೇವಪ್ಪ ಮುಂದೆ, ನಾನು ಹಿಂದೆ.
ಅವನ ಕೈಯಲ್ಲಿ ಗರಗಸ, ನನ್ನ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ:
ಮೈಲುತುತ್ತ, ಸುಣ್ಣ, ನೀರು ಕಲಸಿದ ನೀಲಿ ಗಂಜಿ.
ಅವನು ಕೊಯ್ದಲ್ಲಿ ನಾನು ಬಳಿಯಬೇಕು
ಗಾಯ ಗಾಳಿ ಕುಡಿಯುವ ಮೊದಲೇ.
ಇಷ್ಟೇ ಕಸುಬು. ತಿಕೋಟಾದಿಂದ ನಾರಾಯಣಗಾವಕ್ಕೆ ಬಂದದ್ದು ಇದಕ್ಕೇ.
ದಿನಕ್ಕೆ ನಾನೂರು, ಎರಡು ಸಲ ಚಹಾ.

ಭಾಮಾಬಾಯಿ ಔಟಿಯ ತೋಟ. ಕರಿ ದ್ರಾಕ್ಷಿ,
ಹದಿನಾಲ್ಕು ವರ್ಷದ ಬಳ್ಳಿ.
ಹೋದ ಏಪ್ರಿಲ್ ಚಾಟ್ನಿಗೆ ಚಿಗುರು ಕುಳ್ಳಾಗಿ ಬಂದವು,
ಎಲೆ ಬಟ್ಟಲಾಗಿ ಮುದುಡಿ, ಅಂಚು ಹರಿದು.
ನೀರು ಕಡಿಮೆ, ಅಂದರು ಬೀಗರು.
ಸತು ಕಡಿಮೆ, ಅಂದ ಔಷಧಿ ಅಂಗಡಿಯವ;
ಮೂರು ಸಾವಿರದ ಬಾಟ್ಲಿ ಕೊಟ್ಟ.
ರೇವಪ್ಪ ಏನೂ ಅನ್ನಲಿಲ್ಲ.
ಗರಗಸದ ಹಿಡಿಯಿಂದ ಕಾಂಡಕ್ಕೆ ಬಡಿದು ಕಿವಿ ಹಚ್ಚಿದ,
ಕಲ್ಲಂಗಡಿ ಕೊಳ್ಳುವವನ ಹಾಗೆ.

ಕೊಯ್ದ ಮೇಲೆ ಕಂಡಿತು:
ದುಂಡನೆಯ ಬಿಳಿ ಕಟ್ಟಿಗೆಯೊಳಗೆ
ರೊಟ್ಟಿಯ ಒಂದು ಚೂರಷ್ಟೇ ಸೀದ ಹಾಗೆ
ಮೊನೆ ಒಳಕ್ಕೆ, ಅಗಲ ತೊಗಟೆಯ ಕಡೆಗೆ.
ಬೂಷ್ಟು. ಯಾವುದೋ ಮಳೆಯ ಸಂಜೆ
ಯಾರದೋ ಕತ್ತರಿ ತೆರೆದಿಟ್ಟ ಬಾಗಿಲಿಂದ ಬಂದು
ವರ್ಷಗಟ್ಟಲೆ ಮರವನ್ನೇ ಉಂಡು ಕೂತಿದೆ, ಅವಸರವಿಲ್ಲದೆ.

ಯಾರದೋ ಅಂದೆ. ಸುಳ್ಳು.
ಐದು ವರ್ಷದ ಹಿಂದೆ ಇದೇ ಸಾಲಿನಲ್ಲಿ ನಮ್ಮದೇ ಟೋಳಿ.
ಅಕ್ಟೋಬರ್ ಚಾಟ್ನಿ. ಮಳೆ ಹಿಡಿದಿತ್ತು,
ಮುಂದಿನ ತೋಟದವನದು ಫೋನಿನ ಮೇಲೆ ಫೋನು.
ತೋಯ್ದ ಬಳ್ಳಿಯನ್ನೇ ಕೊಯ್ದೆವು.
ಕೊನೆಯ ಎರಡು ಸಾಲಿಗೆ ಬಳಿಯಲಿಲ್ಲ, ಡಬ್ಬಿ ಮುಗಿದಿತ್ತು.
ಮುಗಿದಿದೆ ಅಂತ ಹೇಳಿದವಳು ನಾನು.
ತಳದಲ್ಲಿ ನಾಲ್ಕು ಬೆರಳು ಇತ್ತು.
ಸೊಂಟ ನೋಯುತ್ತಿತ್ತು.
ಇದು ಆ ಗಾಯವೇ ಹೌದೋ ಅಲ್ಲವೋ,
ಬೂಷ್ಟು ಯಾರ ಕಡೆಗೂ ಸಾಕ್ಷಿ ಹೇಳುವುದಿಲ್ಲ.

ಇನ್ನೂ ಕೆಳಗೆ.
ಮತ್ತೊಂದು ಬಿಲ್ಲೆ ಬಿತ್ತು. ಇನ್ನೂ ಕಂದು.
"ಪುರೇ, ಬಸ್ ಕರಾ," ಅಂದಳು ಭಾಮಾಬಾಯಿ,
ತನ್ನ ಕೈಯನ್ನೇ ಕೊಯ್ಯುತ್ತಿದ್ದಾರೆ ಅನ್ನುವ ಹಾಗೆ ಕೈ ಹಿಂದೆಳೆದು.
ಕಂದು ಮುಗಿಯುವವರೆಗೆ ಇಳಿಯಬೇಕು,
ಮುಗಿದ ಮೇಲೂ ಒಂದು ಗೇಣು.
ಆದರೆ ಕಸಿಯ ಗಂಟು ದಾಟುವಂತಿಲ್ಲ.
ದಾಟಿದರೆ ಚಿಗುರುವುದು ಡಾಗ್ರಿಜ್,
ಕಲ್ಲು ನೆಲಕ್ಕೂ ಜಗ್ಗದ ಬೇರು ಅದರದು, ಹಣ್ಣು ಮಾತ್ರ ಕೊಡದು.
ಈ ಬಳ್ಳಿಗೆ ಗಂಟಿನ ಮೇಲೆ ಉಳಿದದ್ದು ಮೊಣಕಾಲುದ್ದ.
ಬೆಳ್ಳಗಿತ್ತು. ಹಸಿ ವಾಸನೆ ಬಂತು.
ಬಳಿದೆ, ಅಂಚಿನ ತೊಗಟೆಗೂ ಬಳಿದೆ.

ಪಕ್ಕದ್ದಕ್ಕೆ ಉಳಿಯಲೇ ಇಲ್ಲ.
ಅದನ್ನು ಬೇರು ಸಮೇತ ಕಿತ್ತೆವು.

ಗರಗಸಕ್ಕೆ ಸ್ಪಿರಿಟ್ ಒರೆಸಿ ಮುಂದಿನ ಬಳ್ಳಿ.
ಮತ್ತೆ ಒರೆಸಿ ಮತ್ತೊಂದು.
"ಕಟ್ಟಿಗೆ ಬಚ್ಚಲ ಒಲೆಗಾದರೂ ಇರಲಿ," ಅಂದಳು ಅವಳು.
ಇರಬಾರದು, ಆಯಿ. ಸತ್ತ ಕಟ್ಟಿಗೆಯ ಮೇಲೂ ಅದು ಕಾಳು ಕಟ್ಟುತ್ತದೆ,
ಮೊದಲ ಮಳೆಹನಿಗೆ ಹಾರಲು ಕಾಯುತ್ತದೆ.
ಅವಳೇ ಕಡ್ಡಿ ಗೀರಿದಳು, ಬದುವಿನಾಚೆ.
ಎರಡು ಕಡ್ಡಿ ಆರಿದವು. ಮೂರನೆಯದು ಹಿಡಿಯಿತು.

ದೂರ ಖೋಡದದ ದೊಡ್ಡ ತಟ್ಟೆಗಳು
ಒಟ್ಟಿಗೇ ಕತ್ತು ತಿರುಗಿಸಿದವು.
ಆಕಾಶದೊಳಗಿನ ಸದ್ದು ಕೇಳುತ್ತವಂತೆ.
ರೇವಪ್ಪ ಮುಂದಿನ ಕಾಂಡಕ್ಕೆ ಬಡಿದ.

ಅರವತ್ತೊಂದನೆಯ ಬಳ್ಳಿಗೆ ಡಬ್ಬಿಯ ತಳ ಕಂಡಿತು.
ಹೊತ್ತು ವಾಲಿತ್ತು. ಇನ್ನೊಂದೇ ಬಳ್ಳಿ,
ಕೊಯ್ದು ಬಿಟ್ಟದ್ದು, ಬಾಯಿ ತೆರೆದದ್ದು.
ಅವನು ತಿರುಗಿ ನೋಡಿದ:
"ಮುಗೀತೇನ, ಶಾವಂತ್ರಿ?"

ಇಲ್ಲ ಅಂದೆ.
ಕುಂಚ ಕೆಳಗಿಟ್ಟು
ಬೆರಳು ಹಾಕಿ ಕೆರೆದೆ.